ಜುಲೈ ಕಾಲಂ

ವಾಲ್ಡಿವಿಯಾದ ಮೀನುಪೇಟೆಯ ಹಿಂದೆ, ಮೂರನೇ ಮಹಡಿ.
ಕಿಟಕಿಯಾಚೆ ನದಿ; ಕಟ್ಟೆಯ ಮೇಲೆ ಕಡಲಸಿಂಹಗಳು
ಬಾಕಿ ವಸೂಲಿಗೆ ಬಂದವರಂತೆ ಕೂತು ಗದರುತ್ತಿದ್ದವು.
ಒಳಗೆ ನಾವು ಒಂಬತ್ತು ಮಂದಿ, ಎಂ.ಎಸ್ಸಿ. ಎರಡನೇ ವರ್ಷ,
ಒಂದೇ ಹೀಟರು, ಅದರ ಮೇಲೆ ಯಾರದೋ ಒದ್ದೆ ಕಾಲುಚೀಲ.

ಪ್ರೊಫೆಸರ್ ಹಿಮೇನಾ ಬರಿಯೆಂತೋಸ್ ಒಂದು ಕಡತ ಕೊಟ್ಟರು:
"ಹಳೆಯ ಮಾದರಿ. ಚಿಲೋಯೆಯ ನಡುಗಡ್ಡೆಗಳಲ್ಲಿ
ಯಾರ ಮನೆಗೆ ನರ್ಸು ಮೊದಲು ಹೋಗಬೇಕೆಂದು ಹೇಳುತ್ತಿತ್ತು.
ಎರಡು ಚಳಿಗಾಲ ನಡೆಯಿತು, ಆಮೇಲೆ ನಿಲ್ಲಿಸಿದರು.
ಯಾಕೆ? ಹುಡುಕಿ. ಶುಕ್ರವಾರದವರೆಗೆ ಸಮಯ."
ಅಷ್ಟೇ. ಹಲಗೆಯ ಮೇಲೆ ಒಂದಕ್ಷರ ಬರೆಯಲಿಲ್ಲ.

ನಾನು ಜಾಣ. ಹಾಗಂತ ನಮ್ಮೂರೇ ಹೇಳಿತ್ತು.
ಪದರ ಕೂಡಿಸಿದೆ, ತೂಕ ತಿದ್ದಿದೆ, ರಾತ್ರಿಯಿಡೀ ಯಂತ್ರ ಕಾಯಿಸಿದೆ,
ತೊಂಬತ್ತೊಂದಿದ್ದ ನಿಖರತೆ ತೊಂಬತ್ತಾರಕ್ಕೆ ಏರಿತು.
ಗುರುವಾರ ಸಂಜೆಗೇ ಕಾಲ ಮೇಲೆ ಕಾಲು ಹಾಕಿ ಕೂತೆ.
ತಪ್ಪು ಎಂದರೆ ಕಡಿಮೆ ಅಂಕ
ಎಂದಷ್ಟೇ ತಿಳಿದಿದ್ದವ ನಾನು.

ರಾಯೆನ್ ಚಿಗುವಾಯ್ ಮಾತ್ರ ಲ್ಯಾಪ್‌ಟಾಪ್ ಮುಚ್ಚಿಟ್ಟು
ಅಷ್ಟೂ ಸಾಲುಗಳನ್ನು ಕಾಗದಕ್ಕಿಳಿಸಿ
ಬೆರಳಿಟ್ಟು ಓದುತ್ತಿದ್ದಳು, ಬೇಳೆಯಲ್ಲಿ ಕಲ್ಲು ಆರಿಸುವ ಹಾಗೆ.
ನಾವು ನಕ್ಕೆವು. ನಾನು ತುಸು ಜೋರಾಗಿಯೇ.

ಶುಕ್ರವಾರ ಅವಳೆದ್ದು ಹೇಳಿದಳು:
"ಜುಲೈ ಕಾಲಂ ನೋಡಿ. ನಮ್ಮ ದ್ವೀಪ, ನಲವತ್ತೊಂದು ಮನೆ,
ಆಸ್ಪತ್ರೆಗೆ ಎಷ್ಟು ಸಲ ಬಂದರು: ಸೊನ್ನೆ, ಸೊನ್ನೆ, ಸೊನ್ನೆ.
ಯಂತ್ರ ಓದಿಕೊಂಡಿತು: ಯಾರಿಗೂ ಕಾಯಿಲೆಯಿಲ್ಲ, ಎಲ್ಲರೂ ಗಟ್ಟಿಮುಟ್ಟು.
ಜುಲೈನಲ್ಲಿ ಅಲ್ಲಿ ಬಡಗಣ ಗಾಳಿ. ಲಾಂಚು ಬರುವುದಿಲ್ಲ,
ಬಂದರೂ ಕಟ್ಟಲಾಗುವುದಿಲ್ಲ. ನನ್ನ ದೊಡ್ಡಮ್ಮ
ಒಂಬತ್ತು ದಿನ ಜೆಟ್ಟಿಗೆ ನಡೆದಳು, ಒಂಬತ್ತು ದಿನವೂ
ಎದೆ ಹಿಡಿದುಕೊಂಡು ವಾಪಸಾದಳು.
ಮುನ್ನೂರ ಹನ್ನೆರಡನೇ ಸಾಲು. ಹೆಸರು ಅಳಿಸಿದ್ದಾರೆ,
ಒಂಟಿ ವಾಸ, ಸೌದೆ ಒಲೆ, ಒಂದೇ ಶ್ವಾಸಕೋಶ: ನನಗೆ ಸಾಕು.
ಇದ್ದಾಳೆ, ಆಟಕ್ಕುಂಟು ಲೆಕ್ಕಕ್ಕಿಲ್ಲ.
ಇದು ಸೊನ್ನೆಯಲ್ಲ, ಖಾಲಿ.
ಖಾಲಿ ಜಾಗಕ್ಕೆ ಯಾರೋ ಸೊನ್ನೆ ಸುತ್ತಿದ್ದಾರೆ."

"ಸುತ್ತಿದ್ದು ನಾನು," ಎಂದರು ಹಿಮೇನಾ.

"ಹನ್ನೊಂದು ವರ್ಷವಾಯಿತು. ರಾತ್ರಿ ಒಂದೂವರೆ.
ಖಾಲಿ ಬಿಟ್ಟರೆ ಪ್ರೋಗ್ರಾಂ ನಿಲ್ಲುತ್ತಿತ್ತು,
ಸೊನ್ನೆ ತುಂಬಿದರೆ ಓಡುತ್ತಿತ್ತು. ಒಂದೇ ಒಂದು ಸಾಲು.
ಓಡಿತು. ನಾನು ಹೋಗಿ ಮಲಗಿದೆ."

ಅವರು ಅಳಬಹುದು ಎಂದುಕೊಂಡೆ. ಅಳಲಿಲ್ಲ.
"ದೊಡ್ಡಮ್ಮ?" ಎಂದು ಕೇಳಿದರು.
"ಆಗಸ್ಟಿನಲ್ಲಿ," ಎಂದಳು ರಾಯೆನ್.
ಹೀಟರಿನ ಮೇಲೆ ಕಾಲುಚೀಲ ಕಮಟು ವಾಸನೆ ಬೀರುತ್ತಿತ್ತು,
ಯಾರೂ ಎದ್ದು ತೆಗೆಯಲಿಲ್ಲ.

ಮುಂದಿನ ವಾರ ನಮ್ಮನ್ನೆಲ್ಲ ಲಾಂಚು ಹತ್ತಿಸಿದರು.
ಅರ್ಧಕ್ಕರ್ಧ ಮಂದಿ ವಾಂತಿ ಮಾಡಿಕೊಂಡೆವು.
ಆಲೂಗಡ್ಡೆ ಮೂಟೆಗಳ ನಡುವೆ ಇಳಿದು
ಮನೆಮನೆಗೆ ಹೋಗಿ ಸುಮ್ಮನೆ ಕೂರಬೇಕು, ಕೇಳಬೇಕು,
ಬರೆದುಕೊಳ್ಳಬಾರದು: ಪರೀಕ್ಷೆಯೆಂದರೆ ಅದೇ.
ಚಿಪ್ಪು ಬಿಡಿಸುತ್ತಿದ್ದ ಮುದುಕನೊಬ್ಬ
ಚಾಕು ಕೆಳಗಿಡದೆ ನನ್ನನ್ನೇ ಕೇಳಿದ:
"ದೋಣಿ ಬರಲಿಲ್ಲ ಅಂತ ನಿಮ್ಮ ಯಂತ್ರಕ್ಕೆ
ಹೇಳಬೇಕಾದರೆ, ಮಗಾ, ನಾನು ಎಲ್ಲಿ ಹೇಳಲಿ?"
ನನ್ನ ಬಳಿ ತೊಂಬತ್ತಾರಿತ್ತು.
ಅವನ ಮಾತಿಗೊಂದು ಚೌಕವಿರಲಿಲ್ಲ.

ಹೊಸ ನಮೂನೆ ಮಾಡಿದೆವು: ದೋಣಿ ಬಂತೇ?
ಅಂಕ ಎಂಬತ್ತೆಂಟಕ್ಕೆ ಇಳಿಯಿತು. ನಾನು ವಾದಿಸಿದೆ,
ಈಗ ಹೇಳಲು ನಾಚಿಕೆ, ಎರಡು ತಾಸು ವಾದಿಸಿದೆ.

ಈಗ ಸಾಂತಿಯಾಗೊದಲ್ಲಿದ್ದೇನೆ. ಸಾಲದ ಅರ್ಜಿ ತೂಗುವ ಕಂಪನಿ.
ಕಾಲಂಗಳಲ್ಲಿ ಖಾಲಿ ಸಿಗುತ್ತಲೇ ಇರುತ್ತದೆ.
ಆ ಒಂದು ಸಾಲು ಬರೆಯುವ ಮುಂಚೆ ಬೆರಳು ನಿಲ್ಲುತ್ತದೆ,
ಫೋನು ಎತ್ತುತ್ತೇನೆ, ಶಾಖೆಗೆ ಕೇಳುತ್ತೇನೆ, ಬೈಸಿಕೊಳ್ಳುತ್ತೇನೆ.

ಎಲ್ಲ ಸಲವೂ ಅಲ್ಲ.
ಕೆಲವು ರಾತ್ರಿ ಗಡಿಯಾರ ನೋಡುತ್ತೇನೆ, ಒಂದೂವರೆ.
ಸೊನ್ನೆ ಸುತ್ತುತ್ತೇನೆ. ಯಂತ್ರ ಸರಾಗ ಓಡುತ್ತದೆ.
ಹೋಗಿ ಮಲಗುತ್ತೇನೆ.
ನಿದ್ದೆ ಬರುತ್ತದೆ.